ಅತ್ತೆಯ ಹಲ್ಲು, ಬರ್ಗರಿನ ಎತ್ತರ

ನನ್ನ ಅತ್ತೆಗೆ ಹಲ್ಲುಸೆಟ್ಟು ಮಾಡಿಕೊಟ್ಟವನು ನಾನೇ ಎಂಬುದು ಬೀದಿಗೆಲ್ಲ ಗೊತ್ತು. ಗೊತ್ತಾಗದೆ ಏನು? ಅತ್ತೆಯೇ ಮನೆಮನೆಗೂ ಹೇಳಿಕೊಂಡು ಬಂದಿದ್ದಾರೆ. "ನಮ್ಮ ಅಳಿಯಂದ್ರು ಮಾಡಿದ್ದು. ಮುತ್ತಿನ ಹಾಗಿದೆ. ಅದಕ್ಕೇ ಡಬ್ಬಿಯಲ್ಲಿಟ್ಟು ಮುಚ್ಚಿದ್ದೀನಿ" ಎನ್ನುತ್ತಾರೆ. ಅದನ್ನು ಹೇಳುವುದೂ ಬೋಳು ಬಾಯಲ್ಲೇ. ಒಬ್ಬ ದಂತವೈದ್ಯನಿಗೆ ಇದಕ್ಕಿಂತ ದೊಡ್ಡ ಅಪಪ್ರಚಾರ ಬೇಕೆ? (ನನ್ನ ಬೋರ್ಡಿಗೆ ಯಾರಾದರೂ ಡಾಂಬರು ಬಳಿದಿದ್ದರೂ ಇಷ್ಟು ನಷ್ಟವಾಗುತ್ತಿರಲಿಲ್ಲ.)

ನಾನೇನು ಕಡಿಮೆ ಪಾಡು ಪಟ್ಟೆನೆ? ಮನೆಯ ಮುಂದಿನ ಕೋಣೆಯೇ ನನ್ನ ಕ್ಲಿನಿಕ್. ಅಲ್ಲಿ ತಿಂಗಳುಗಟ್ಟಲೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಅಳತೆ ತೆಗೆದೆ. "ಚುಚ್ಚತ್ತೆ" ಎಂದರು, ಉಜ್ಜಿದೆ. "ಸಡಿಲ ಆಯ್ತು" ಎಂದರು, ಬಿಗಿ ಮಾಡಿದೆ. ಕೊನೆಗೆ "ಈಗ ಚುಚ್ಚೋದೂ ಇಲ್ಲ, ಸಡಿಲವೂ ಇಲ್ಲ. ಆದ್ರೆ ಬಾಯಲ್ಲಿ ಯಾರೋ ನೆಂಟರು ಬಂದು ಕೂತ ಹಾಗಿದೆ" ಎಂದರು. ನೆಂಟರನ್ನು ಉಜ್ಜುವ ಯಂತ್ರ ನನ್ನಲ್ಲಿಲ್ಲ.

ಒಂದು ದಿನ ನನ್ನಾಕೆ ಮೆಲ್ಲಗೆ ಬಾಂಬು ಹಾಕಿದಳು. "ರೀ, ಬೇಜಾರು ಮಾಡ್ಕೋಬೇಡಿ. ಅಮ್ಮನ್ನ ಪಕ್ಕದ ಬೀದಿ ಡಾಕ್ಟರ್ ಹತ್ರ ಒಂದ್ಸಲ ತೋರಿಸೋಣ್ವಾ?"

ಪಕ್ಕದ ಬೀದಿ ಡಾಕ್ಟರ್! ಬೋರ್ಡಿನ ತುಂಬ ತನ್ನದೇ ಹಲ್ಲು ಕಿರಿದುಕೊಂಡು ನಿಂತಿರುವ ಆ ಮಹಾಶಯ! ನನ್ನ ಸ್ವಂತ ಅತ್ತೆ ಅವನ ಕುರ್ಚಿಯಲ್ಲಿ ಕೂತರು ಎಂದು ಸುದ್ದಿಯಾದರೆ ಮರುದಿನದಿಂದ ನನ್ನ ಕುರ್ಚಿಯಲ್ಲಿ ನಾನೊಬ್ಬನೇ ಮಲಗಬೇಕಾಗುತ್ತದೆ.

ಆ ಹೊತ್ತಿಗೆ ಸರಿಯಾಗಿ ನಮ್ಮ ಸರ್ಕಲ್ಲಿನಲ್ಲಿ ಅಮೆರಿಕನ್ ಶೈಲಿಯ ಬರ್ಗರ್ ಅಂಗಡಿಯೊಂದು ಬಾಗಿಲು ತೆರೆದಿತ್ತು. ಮಗಳು ದಿನಬೆಳಗಾದರೆ ಅದೇ ಜಪ ಮಾಡುತ್ತಿದ್ದಳು. ನನ್ನ ತಲೆಯಲ್ಲಿ ಥಟ್ಟನೆ ದೀಪ ಹತ್ತಿತು. ಬರ್ಗರ್ ಎಂದರೇನು? ಹತ್ತಿಯಂಥ ಬನ್ನು, ಒಳಗೆ ಕಟ್ಲೆಟ್ಟಿನಂಥ ಮೆತ್ತನೆಯ ಪ್ಯಾಟಿ. ಹೊಸ ಹಲ್ಲಿಗೆ ಇದಕ್ಕಿಂತ ಸುಲಭದ ಪರೀಕ್ಷೆ ವೈದ್ಯಲೋಕದಲ್ಲೇ ಇಲ್ಲ.

"ಭಾನುವಾರ ಎಲ್ರೂ ಬರ್ಗರ್ ತಿನ್ನೋಣ" ಎಂದು ಘೋಷಿಸಿದೆ. "ಅತ್ತೆ ಹಲ್ಲು ಹಾಕ್ಕೊಂಡು ಒಂದು ಬರ್ಗರ್ ಪೂರ್ತಿ ತಿಂದ್ರೆ, ಪಕ್ಕದ ಬೀದಿ ಹೆಸರು ಈ ಮನೇಲಿ ಯಾರೂ ಎತ್ತಬಾರ್ದು. ತಿನ್ನೋಕಾಗ್ಲಿಲ್ಲ ಅಂದ್ರೆ ನಾನೇ ಕೈಹಿಡಿದು ಅಲ್ಲಿಗೆ ಕರ್ಕೊಂಡು ಹೋಗ್ತೀನಿ."

"ಹೊರಗೆ ಬೆಂಚಿನ ಮೇಲೆ ಕಾಯ್ತಾ ಕೂತಿರ್ತೀರಾ?" ಎಂದಳು ಇವಳು.

"ಕೂತಿರ್ತೀನಿ!"

"ಆ ಬೆಂಚಿಗೆ ದಿಂಬೂ ಇದೆಯಂತೆ" ಎಂದು ಒಳಗಿನಿಂದ ಅತ್ತೆಯ ಧ್ವನಿ ಕೇಳಿಸಿತು. ಅಂದರೆ ವಿಚಾರಣೆ ಆಗಲೇ ಮುಗಿದಿದೆ ಎಂದಾಯಿತು.

ಭಾನುವಾರ ಅತ್ತೆ ಹಲ್ಲು ಧರಿಸಿ, ತುಟಿ ಬಿಗಿದು, ಶಿಕ್ಷೆಗೆ ಹೊರಟವರಂತೆ ಬಂದರು. ಅಂಗಡಿಯ ಒಳಗೆ ಎಲ್ಲವೂ ಭಾರೀ. ಗೋಡೆಯ ಚಿತ್ರಗಳಲ್ಲಿ ಬಸ್ಸಿನಷ್ಟು ಉದ್ದದ ಕಾರುಗಳು. ಕುಡಿಯುವ ಲೋಟದಲ್ಲಿ ಮಗುವಿಗೆ ಸ್ನಾನ ಮಾಡಿಸಬಹುದು. ಬಂದು ಏನು ಬೇಕೆಂದು ಕೇಳುವವರೇ ಇಲ್ಲ. ಆಳೆತ್ತರದ ಗಾಜಿನ ಪರದೆಯನ್ನು ನಾವೇ ಬೆರಳಿನಿಂದ ತಿವಿಯಬೇಕು. ಅದೋ, ಯಾವ ಬನ್ನು, ಯಾವ ಚೀಸು, ಈರುಳ್ಳಿ ಹಸಿಯೋ ಹುರಿದದ್ದೋ ಎಂದು ಒಂದೇ ಸಮನೆ ಪ್ರಶ್ನೆ ಹಾಕಿತು. (ಹೆಣ್ಣು ಕೊಡುವಾಗ ಅತ್ತೆ ಕೂಡ ನನ್ನನ್ನು ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಕೇಳಬೇಕಿತ್ತು ಎಂದು ಈಗ ಅನ್ನುತ್ತಿರುತ್ತಾರೆ.) ಮಗಳು ನನ್ನನ್ನು ಪಕ್ಕಕ್ಕೆ ತಳ್ಳಿ ಪಟಪಟನೆ ಒತ್ತಿದಳು. ತಿಂಡಿ ತಯಾರಾದರೆ ತಿಳಿಸಲೆಂದು ಕೌಂಟರಿನವರು ಕೊಟ್ಟ ಚಪ್ಪಟೆ ಡಬ್ಬಿಯೊಂದನ್ನು ಅತ್ತೆ ಮಡಿಲಲ್ಲಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಅದು ಗಡಗಡ ನಡುಗಿತು.

"ಅಯ್ಯೋ, ಇದಕ್ಕೆ ಜೀವ ಇದೆ!" ಎಂದು ಅತ್ತೆ ಎಗರಿ ನಿಂತರು.

ಬರ್ಗರ್ ಬಂತು. ನೋಡಿದ ಕೂಡಲೇ ನನ್ನ ತಪ್ಪು ತಿಳಿಯಿತು. ದಂತವೈದ್ಯನಾದ ನಾನು ಮೆತ್ತಗಿದೆಯೇ ಎಂದಷ್ಟೇ ಯೋಚಿಸಿದ್ದೆ, ಎತ್ತರವನ್ನು ಮರೆತಿದ್ದೆ! ಮನುಷ್ಯನ ಬಾಯಿ ಅವನದೇ ಮೂರು ಬೆರಳಿನಷ್ಟು ತೆರೆದರೆ ಹೆಚ್ಚು. ಇದು ಗೇಣೆತ್ತರದ ಮೂರಂತಸ್ತಿನ ಕಟ್ಟಡ. ಬೀಳದಿರಲೆಂದು ನಡುವೆ ಕಡ್ಡಿ ಬೇರೆ ಚುಚ್ಚಿದ್ದರು.

ಅತ್ತೆ ಅದನ್ನು ಬುಡದಿಂದ ತುದಿಯವರೆಗೆ ನೋಡಿದರು. "ಅಳಿಯಂದ್ರೇ, ಇದನ್ನ ತಿನ್ನೋದೋ, ಹತ್ತೋದೋ?"

ನನ್ನಾಕೆಯ ಕಣ್ಣು ಆಗಲೇ ಪಕ್ಕದ ಬೀದಿಯ ದಾರಿ ಹಿಡಿದಿತ್ತು. ನಾನು ಬಿಟ್ಟುಕೊಡಲಿಲ್ಲ. "ಬಹಳ ಸುಲಭ ಅತ್ತೆ. ದವಡೆ ಸಡಿಲ ಬಿಡಿ. ಬಾಯಿ ಹೀಗೆ ತೆಗೀರಿ" ಎಂದು ತೆರೆದು ತೋರಿಸಿದೆ. ಸಾಲದೆನಿಸಿತು. ಇನ್ನಷ್ಟು ತೆರೆದೆ. ಕಿವಿಯ ಬಳಿ 'ಟಕ್' ಎಂದಿತು. ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಸಾಕು ಮುಚ್ರೀ, ಜನ ನೋಡ್ತಿದಾರೆ."

"ಆ... ಆಆ..."

"ಏನದು ಆ ಆ? ಬಾಯ್ಬಿಟ್ಟು ಹೇಳಿ!"

(ಬಾಯಿ ಬಿಟ್ಟಿದ್ದೇ ತೊಂದರೆಯೆಂದು ಹೇಳುವುದು ಹೇಗೆ?) ಮಗಳು ಮೊಬೈಲ್ ಹಿಡಿದು "ಅಪ್ಪಾ ಸೂಪರ್, ಹಾಗೇ ಇರಿ" ಎಂದಳು. ನಾನು ಟೊಮೆಟೊ ಸಾಸಿನಲ್ಲಿ ಬೆರಳದ್ದಿ ತಟ್ಟೆಯ ಕಾಗದದ ಮೇಲೆ ದವಡೆಯ ಚಿತ್ರ ಬಿಡಿಸಿದೆ. ಮೇಜು ಒರೆಸುತ್ತಿದ್ದಾಕೆ ಅದನ್ನು ನೋಡಿ ಇನ್ನೆರಡು ಸಾಸ್ ಪೊಟ್ಟಣ ತಂದಿಟ್ಟು ಹೋದಳು. ಇವಳು ಬಗ್ಗಿ ನೋಡಿ, "ಚಪ್ಪಲೀನಾ? ಚಪ್ಪಲಿ ಕಳ್ಕೊಂಡ್ರಾ?" ಎಂದಳು.

ಅರ್ಥ ಮಾಡಿಕೊಂಡವರು ಅತ್ತೆಯೊಬ್ಬರೇ. "ದವಡೆ ಸಿಕ್ಕಿಹಾಕ್ಕೊಂಡಿದೆ ಕಣೇ. ಅಷ್ಟು ದಿನ ಆ ಕುರ್ಚೀಲಿ ಬಾಯಿ ತೆಗೆದು ಆ ಆ ಅಂದೋಳು ನಾನು. ಈ ಭಾಷೆ ನಂಗೆ ಚೆನ್ನಾಗಿ ಬರತ್ತೆ."

ನಾನು ಕೈಮುಗಿದೆ. ಹೆಬ್ಬೆರಳನ್ನು ಒಳಗಿಟ್ಟು, ಕೆಳಕ್ಕೊತ್ತಿ, ಹಿಂದಕ್ಕೆ ತಳ್ಳಬೇಕೆಂದು ಸನ್ನೆ ಮಾಡಿ ತೋರಿಸಿದೆ. ಅತ್ತೆ ತಲೆಯಾಡಿಸಿದರು. ಆಮೇಲೆ, "ಒಂದ್ನಿಮಿಷ ಹಾಗೇ ಇರಿ, ಬಂದೆ" ಎಂದು ಬರ್ಗರಿನ ಕಡೆಗೆ ತಿರುಗಿದರು! ಕ್ಲಿನಿಕ್ಕಿನಲ್ಲಿ ಫೋನು ಬಂದಾಗಲೆಲ್ಲ ನಾನು ಅವರಿಗೆ ಹೇಳುತ್ತಿದ್ದ ಮಾತು ಅದು.

ಕಡ್ಡಿ ಕಿತ್ತರು. ಎರಡೂ ಅಂಗೈಯಿಂದ ಬರ್ಗರನ್ನು ಅಮುಕಿ ಚಪ್ಪಟೆ ಮಾಡಿದರು. ಕಚ್ಚಿದರು. ಸೊಪ್ಪು 'ಕರಕ್' ಎಂದಿತು. ನನ್ನ ಮುಖ ನೋಡಿ ನಕ್ಕರು, ಮತ್ತೆ ಕಚ್ಚಿದರು. ನೋಡುತ್ತ, ನಗುತ್ತ, ಸಿನಿಮಾಕ್ಕೆ ಬಂದವರಂತೆ ಮೂರಂತಸ್ತನ್ನೂ ಮುಗಿಸಿದರು. ಹಲ್ಲು ಒಂದು ಎಳೆಯಷ್ಟೂ ಜಾರಲಿಲ್ಲ. ಬಾಯಲ್ಲಿದ್ದ ನೆಂಟರು ಮನೆಯವರೇ ಆಗಿಬಿಟ್ಟಿದ್ದರು! ನನ್ನ ಕಣ್ಣಲ್ಲಿ ನೀರು ಬಂತು. ನೋವು ಇತ್ತು, ನಿಜ. ಆದರೆ ಸಂತೋಷವೇ ಹೆಚ್ಚಾಗಿತ್ತು.

ಕೊನೆಗೆ ಅತ್ತೆ ಕೈ ತೊಳೆದು ಬಂದು, ಹೆಬ್ಬೆರಳುಗಳಿಗೆ ಟಿಶ್ಯೂ ಸುತ್ತಿಕೊಂಡರು. "ಅಲುಗಾಡಬೇಡಿ. ನೋಯಲ್ಲ, ಸ್ವಲ್ಪ ಒತ್ತಿದ ಹಾಗಾಗತ್ತೆ ಅಷ್ಟೆ." (ಇದೂ ನನ್ನದೇ ಮಾತು. ಎಂಥ ಹಸಿ ಸುಳ್ಳೆಂದು ಅವತ್ತು ತಿಳಿಯಿತು.) ಒತ್ತಿದರು, ತಳ್ಳಿದರು, ದವಡೆ ಕೂತಿತು. ಇಡೀ ಅಂಗಡಿ ಚಪ್ಪಾಳೆ ತಟ್ಟಿತು.

"ಗೆದ್ದೆ!" ಎಂದೆ ನಾನು.

"ಹೌದು ರೀ, ಗೆದ್ರಿ. ಈಗ ಬಾಯಿ ಮುಚ್ಕೊಂಡಿರಿ" ಎಂದಳು ನನ್ನಾಕೆ. ನನ್ನ ಪಾಲಿನ ಬರ್ಗರನ್ನು ಅಷ್ಟರಲ್ಲಿ ಮಗಳು ತಿಂದು ಮುಗಿಸಿದ್ದಳು.

ಅತ್ತೆ ಈಗ ತೊಳೆಯುವುದಕ್ಕೆ ಬಿಟ್ಟರೆ ಹಲ್ಲು ತೆಗೆಯುವುದಿಲ್ಲ. ಕಂಡಕಂಡವರಿಗೆಲ್ಲ ನಗುತ್ತಾರೆ. ಪಕ್ಕದ ಬೀದಿಯ ಸೊಲ್ಲೇ ಇಲ್ಲ. ಅದರ ಮೇಲೆ ಮಗಳು ಹರಿಬಿಟ್ಟ ವಿಡಿಯೋ ಎಲ್ಲರ ಮೊಬೈಲಿಗೂ ಹೋಗಿ, ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಕೂರಲು ಜಾಗವಿರಲಿಲ್ಲ. ನಾನು ಇಸ್ತ್ರಿಯ ಕೋಟು ತೊಟ್ಟು, ಗಂಭೀರವಾಗಿ ಮೊದಲನೆಯವರನ್ನು ಕರೆದೆ. ದಪ್ಪನೆಯ ಯಜಮಾನರೊಬ್ಬರು ಕೆನ್ನೆ ಹಿಡಿದುಕೊಂಡು ಬಂದರು. ಕುರ್ಚಿಯಲ್ಲಿ ಕೂರದೆ ನನ್ನನ್ನು ದಿಟ್ಟಿಸಿ ನೋಡಿದರು. ಅವರ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಭಾವ ಮೂಡಿತು.

"ಓಹೋ, ನೀವಾ! ಈಗ ಹೇಗಿದೀರಿ? ಬಾಯಿ ಮುಚ್ಚೋಕಾಗತ್ತಾ?" ಎಂದರು. ಆಮೇಲೆ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, "ನಿಮ್ಮನ್ನ ವಾಸಿ ಮಾಡಿದ್ರಲ್ಲ, ಆ ಡಾಕ್ಟರಮ್ಮ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿದ್ದವರೆಲ್ಲ ಉತ್ತರಕ್ಕಾಗಿ ಕತ್ತು ಚಾಚಿದರು.

ಹೇಳಬೇಕಾದದ್ದು ಬಹಳವಿತ್ತು. ಆದರೆ ದವಡೆ ಇನ್ನೂ ಅಷ್ಟು ಮಾತಿಗೆ ಸಿದ್ಧವಿರಲಿಲ್ಲ. ಕೂತಿರಿ ಎಂದು ಕೈಸನ್ನೆ ಮಾಡಿ, ಅತ್ತೆಯನ್ನು ಕರೆಯಲು ಒಳಗೆ ಹೋದೆ.