ಮಾವನವರ ಯುನಿವರ್ಸಿಟಿ

ನಮ್ಮ ಮಾವನವರಷ್ಟು ಪುಕ್ಕಲು ಮನುಷ್ಯ ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಇನ್ನೊಬ್ಬರಿರಲಿಲ್ಲ. ಸೊಸೆಯಾದವಳು ಹೀಗೆ ಬರೆಯಬಹುದೇ ಎಂದು ನೀವು ಹುಬ್ಬೇರಿಸಬಹುದು. ಬರೆಯದೆ ಏನು ಮಾಡಲಿ? ಅಂಚೆಯವನು ಬಾಗಿಲು ತಟ್ಟಿದರೆ ಅವರು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಬಾವಿಗೆ ಇಣುಕಬೇಕಾದರೆ ಅತ್ತೆಯವರು ಹಿಂದಿನಿಂದ ಅವರ ಧೋತರದ ಚುಂಗು ಹಿಡಿದುಕೊಂಡಿರಬೇಕು! ಇಂಥವರಿಗೆ ದೇವರು ಒಂದು ಹುಚ್ಚು ಕೊಟ್ಟಿದ್ದ. ಬೀದರಿನ ನಡುವೆ ಪಾಳುಬಿದ್ದಿದ್ದ ಹಳೆಯ ಮದರಸಾವನ್ನು ಕಂಡಕಂಡವರಿಗೆಲ್ಲ ತೋರಿಸುವ ಹುಚ್ಚು.

ಮದರಸಾ ಎಂದರೆ ಅವರಿಗೆ ಸಿಟ್ಟು. "ಯುನಿವರ್ಸಿಟಿ ಅನ್ರಿ! ಬಗ್ದಾದಿನಿಂದ ಪಂಡಿತರು ಬರ್ತಿದ್ರು ಇಲ್ಲಿ!" ಎನ್ನುವರು. ಸುಲ್ತಾನರ ಕಾಲದಲ್ಲಿ ಇರಾನಿನಿಂದ ಬಂದ ವಜೀರನೊಬ್ಬ ಕಟ್ಟಿಸಿದ ವಿದ್ಯಾಪೀಠ ಅದು. ಮಾವನವರು ಸರಕಾರಿ ಶಾಲೆಯಲ್ಲಿ ಉರ್ದು ಕಲಿಸುವ ಮಾಸ್ತರರು. ನಿಜಾಮರ ಕಾಲದಲ್ಲಿ ಶಾಲೆಗೆ ರಜೆ ಶುಕ್ರವಾರ. ಆ ದಿನ ಲಿಂಗಪೂಜೆ ಮುಗಿಸಿ, ರುಮಾಲು ಸುತ್ತಿ, ಚೌಬಾರದ ಗೋಪುರದ ಕೆಳಗೆ ನಿಂತುಬಿಡುವರು. ಸಂತೆಗೆ ಬಂದವರು, ದವಾಖಾನೆಗೆ ಬಂದವರು, ಯಾರು ಸಿಕ್ಕರೂ ಸರಿ. ಚೌಬಾರದಿಂದ ಮದರಸಾ, ಮದರಸಾದಿಂದ ಕೋಟೆ ಬಾಗಿಲು. ದಾರಿಯುದ್ದಕ್ಕೂ ಭಾಷಣ. ಅವರ ಹಳೆಯ ವಿದ್ಯಾರ್ಥಿಗಳು ಶುಕ್ರವಾರ ಆ ಬೀದಿಗೇ ಕಾಲಿಡುತ್ತಿರಲಿಲ್ಲ.

ನನ್ನನ್ನು ನೋಡಲು ಭಾಲ್ಕಿಗೆ ಬಂದಾಗಲೂ ಅಷ್ಟೇ. ಅಡುಗೆ ಬರುತ್ತದೆಯೇ, ವಚನ ಬರುತ್ತವೆಯೇ, ಒಂದನ್ನೂ ಕೇಳಲಿಲ್ಲ.

"ಯುನಿವರ್ಸಿಟಿ ನೋಡಿಯೇನವ್ವಾ?"

"ಇಲ್ರಿ."

"ಹಂಗಾದ್ರ ಬಂದುಬಿಡು," ಎಂದರು. ನನ್ನ ಮದುವೆ ಗೊತ್ತಾದದ್ದು ಹೀಗೆ!

ತೋರಿಸುವಾಗಲೂ ಹೆದರಿಕೆ ಬಿಡುತ್ತಿರಲಿಲ್ಲ. ಹಿಂದೊಮ್ಮೆ ಅಲ್ಲಿ ತೋಪಿನ ಮದ್ದು ತುಂಬಿಟ್ಟಿದ್ದಾಗ ಸಿಡಿಲು ಬಡಿದು ಅರ್ಧ ಕಟ್ಟಡ ಹಾರಿಹೋಯಿತಂತೆ. ಆಮೇಲೆ ಉಳಿದದ್ದು ಒಂದೇ ಮಿನಾರು. ಆ ಕಥೆ ಹೇಳುವಾಗ ದೂರದಲ್ಲಿ ಗುಡುಗಿತೋ, ಕೇಳುವವರನ್ನು ಅಲ್ಲೇ ಬಿಟ್ಟು ಮನೆಗೆ ಓಟ! ಔರಾದಿನಲ್ಲಿ ಯಾರೋ ಪುಣ್ಯಾತ್ಮರು ಕರೆಸಿ ಭಾಷಣ ಇಡಿಸಿದ್ದರು. ವಜೀರನು ಪುಸ್ತಕಗಳ ಪೆಟ್ಟಿಗೆಗಳನ್ನು ಒಂಟೆಯ ಮೇಲೆ... ಎನ್ನುತ್ತಿದ್ದಂತೆ ಪಕ್ಕದ ಓಣಿಯಲ್ಲಿ ಮದುವೆಯವರು ಪಟಾಕಿ ಹೊಡೆದರು. ಮಾವನವರು ವೇದಿಕೆಯಿಂದ ಇಳಿದವರು ಸೀದಾ ಬಸ್ಸು ಹತ್ತಿದರು. ಆ ಒಂಟೆಗಳು ಇಂದಿಗೂ ಔರಾದಿಗೆ ಬಂದು ಮುಟ್ಟಿಲ್ಲ!

ನಿಜಾಮರ ಪರ ಕತ್ತಿ ಹಿಡಿದ ರಜಾಕಾರರ ಕಾಲ ಬಂತು. ಊರಿನಲ್ಲಿ ನಾಲ್ಕು ಜನ ಸೇರಿದರೆ ಅನುಮಾನ. ನನ್ನ ಗಂಡ ಅವರ ಕಣ್ಣು ತಪ್ಪಿಸಿ ಗಡಿ ದಾಟಿ ಸೋಲಾಪುರದ ಕಡೆ ಹೋಗಿಬಿಟ್ಟಿದ್ದರು. ನಾವು ಮೂವರೂ ರಾತ್ರಿಗಳನ್ನು ಹೇಗೆ ಕಳೆದೆವೋ ನಮಗೇ ಗೊತ್ತು. ಅಂಥದರಲ್ಲಿ ಒಂದು ಶುಕ್ರವಾರ ಪೊಲೀಸ್ ಜಮಾದಾರನೊಬ್ಬ ಬಂದು ಮಾವನವರ ಮುಂದೆಯೇ ನಿಂತ. "ಕ್ಯಾ ಬೋಲ್‌ರೈಂ ಮಾಸ್ಟರ್?" ಎಂದು ಭಾಷಣದ ವಿಷಯ ಕೇಳಿದ. ಮಾವನವರು ಇಕ್ಕಟ್ಟಿಗೆ ಸಿಕ್ಕರು. ಏಕೆಂದರೆ ಕಥೆಯ ಕೊನೆಯಲ್ಲಿ ಸುಲ್ತಾನನು ಚಾಡಿಮಾತು ನಂಬಿ ಆ ವಜೀರನ ತಲೆ ತೆಗೆಸುತ್ತಾನೆ. ಅದನ್ನು ಸರಕಾರದ ಮನುಷ್ಯನ ಎದುರು ಹೇಳುವುದುಂಟೇ? ಮಾವನವರು ಕಣ್ಣುಮುಚ್ಚಿ ಹೇಳಿಬಿಟ್ಟರು: "ಸುಲ್ತಾನರು ಬಾಳ ಪ್ರೀತಿಲೆ ನೋಡ್ಕೊಂಡ್ರು. ವಜೀರಸಾಹೇಬರು ವಯಸ್ಸಾಗಿ, ಹಾಸಿಗಿ ಮ್ಯಾಲ, ಸುಖವಾಗಿ ತೀರ್ಕೊಂಡ್ರು!"

ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. "ಸತ್ತವನ ಸಾವು ಸುಳ್ಳು ಮಾಡಿದೆ," ಎಂದು ಗೋಡೆಗೆ ಮುಖ ಮಾಡಿ ಕುಳಿತರು.

ಮಳೆಗಾಲದ ಕೊನೆಗೆ ಪೊಲೀಸ್ ಆಕ್ಷನ್ ಆಯಿತು. ಹಿಂದುಸ್ತಾನದ ಫೌಜು ಬಂದು ಕೋಟೆ ಬಾಗಿಲಲ್ಲಿ ಇಳಿಯಿತು. ಇನ್ನು ಬದುಕಿದೆವು ಎಂದು ನಾನು ಉಸಿರು ಬಿಟ್ಟೆ. ಆದರೆ ಹೆದರಿಕೆ ಊರು ಬಿಟ್ಟು ಹೋಗಿರಲಿಲ್ಲ. ನಮ್ಮ ಮನೆಯಿಂದ ಎದ್ದು ಗೋಡೆ ದಾಟಿ ಪಕ್ಕದ ಮನೆಗೆ ಹೋಗಿತ್ತು ಅಷ್ಟೇ.

ಪಕ್ಕದ ಮನೆಯಲ್ಲಿ ಇದ್ದವರು ದವಾಖಾನೆಯಲ್ಲಿ ಕಂಪೌಂಡರಾಗಿದ್ದ ಮುದಿ ಸಾಹೇಬರು ಮತ್ತು ಅವರ ಹೆಂಡತಿ. ಆಕೆಯನ್ನು ನಾನು ಚಿಕ್ಕಮ್ಮನೆಂಬಂತೆ ಖಾಲಾ ಎಂದು ಕರೆಯುತ್ತಿದ್ದೆ. ಊರಲ್ಲಿ ದೊಣ್ಣೆ ಹಿಡಿದವರ ಗುಂಪುಗಳು ತಿರುಗುತ್ತಿವೆ, ಮುಸಲ್ಮಾನರ ಮನೆ ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಓಣಿಯಲ್ಲಿ ಹೊಗೆ ಎದ್ದಿತು. ಖಾಲಾ ಹಿತ್ತಲ ಗೋಡೆಯ ಆಚೆ ನಿಂತು, "ಬೇಟಿ, ಪಾನಿ," ಎಂದರು. ನೀರು ಕೊಟ್ಟರೆ ಕುಡಿಯಲಿಲ್ಲ. ತಂಬಿಗೆ ಹಿಡಿದುಕೊಂಡು ಸುಮ್ಮನೆ ನಿಂತರು.

ಮಾವನವರು ಅದನ್ನು ನೋಡಿದರು. ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದರು.

"ಏನ್ರೀ, ಎಲ್ಲಿಗಿ?" ಅತ್ತೆಯವರು ಗಾಬರಿಯಾದರು.

"ಯುನಿವರ್ಸಿಟಿ ತೋರಸ್ಲಕ್ಕ. ಇವರಿಬ್ಬರಿಗಿ ತೋರ್ಸೇ ಇಲ್ಲ. ಕೋಟಿ ತನಕ ಕರ್ಕೊಂಡು ಹೋಗ್ತೇನಿ. ಫೌಜಿನವರ ಕೈಗಿ ಒಪ್ಪಿಸ್ತೇನಿ. ನೀವಿಬ್ಬರೂ ಬರ್ರಿ. ಕೇಳೋರು ಇಲ್ಲಂದ್ರ ಭಾಷಣ ಹ್ಯಾಂಗ ನಡೀತದ?"

ಅತ್ತೆಯವರು ತಮ್ಮ ಸೀರೆಯನ್ನು ಖಾಲಾಗೆ ಉಡಿಸಿದರು. ಕಂಪೌಂಡರ ಸಾಹೇಬರು ಧೋತರ ಉಟ್ಟರು. ಐದು ಜನ ಹೊರಟೆವು.

ಚೌಬಾರದ ಬಳಿ ಗುಂಪು ನಿಂತಿತ್ತು. ಮಾವನವರು ಎಂದಿಗಿಂತ ಜೋರಾಗಿ ಶುರುಮಾಡಿದರು: "ಇಲ್ಲಿ ನೋಡ್ರಿ! ದೇಶದೇಶದ ವಿದ್ಯಾರ್ಥಿಗಳು ಇದೇ ದಾರಿ ಹಿಡಿದು ಬರ್ತಿದ್ರು! ಊಟ ಪುಕ್ಕಟ, ಬಟ್ಟಿ ಪುಕ್ಕಟ!"

"ಅಯ್ಯ, ಮಾಸ್ತರ ಬಂದ್ರಲೇ!" ಎಂದು ಗುಂಪಿನಲ್ಲಿ ಯಾರೋ ನಕ್ಕರು. ಹಳೆಯ ವಿದ್ಯಾರ್ಥಿ ಇರಬೇಕು. ಮಾವನವರು ನಿಂತು, "ಬಾ ತಮ್ಮಾ, ನೀನೂ ಕೇಳು," ಎಂದರು. ನಾನು ಸತ್ತೇ ಹೋದೆ! ಅವನು, "ಇವತ್ತು ಬ್ಯಾಡ್ರಿ ಸರ್," ಎಂದು ಹಿಂದೆ ಸರಿದ. ಆದರೆ ಇನ್ನೊಬ್ಬ, ಬೇರೆ ಊರಿನವನು, ದೊಣ್ಣೆ ಹೆಗಲ ಮೇಲಿಟ್ಟುಕೊಂಡು ನಮ್ಮ ಜೊತೆಗೇ ನಡೆದ.

"ಇವರು ಯಾರ್ರಿ?"

"ಠಾಣಾ ಕುಶನೂರಿನ ನಮ್ಮ ಬೀಗರು," ಎಂದರು ಮಾವನವರು.

ಅವನು ಕಂಪೌಂಡರ ಸಾಹೇಬರ ಕಡೆ ತಿರುಗಿದ. "ಊರಾಗ ತೊಗರಿ ಹ್ಯಾಂಗ ಅದ್ರಿ ಕಾಕಾ?"

ಸಾಹೇಬರ ಕನ್ನಡ ಎರಡು ಮಾತಿಗೇ ಸಿಕ್ಕಿಬೀಳುವಂಥದ್ದು. ಮಾವನವರು ನಡುವೆ ಬಾಯಿ ಹಾಕಿದರು. "ಅವರಿಗಿ ಕಿವಿ ಕೇಳಂಗಿಲ್ಲಪ್ಪ."

"ಕಿವಿ ಕೇಳಂಗಿಲ್ಲಂದ್ರ ಇಷ್ಟು ಹೊತ್ತು ಯಾರಿಗಿ ಹೇಳ್ಲತ್ತೀರಿ?"

ಈಗ ನಗು ಬರುತ್ತದೆ. ಆಗ ಅಲ್ಲಿದ್ದ ಯಾರಿಗೂ ಬರಲಿಲ್ಲ. ಮಾವನವರ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗೆ ಇಳಿಯುತ್ತಿತ್ತು.

"ನನ್ನ ಸೊಸಿಗಿ! ಏನವ್ವಾ, ಹೇಳು. ಆ ಮಿನಾರಿನ ಮ್ಯಾಲಿನ ಬಣ್ಣದ ಹಂಚು ಯಾವ ದೇಶದ ಕಸಬು?"

ಅವರ ಭಾಷಣದಲ್ಲಿ ನಾನು ಯಾವತ್ತೂ ತೂಕಡಿಸುತ್ತಿದ್ದವಳು. ಯಾವ ಪುಣ್ಯವೋ, ಬಾಯಿಗೆ ಬಂತು. "ಇರಾನ್ ದೇಶದ್ದು, ಮಾವಾರ."

"ಶಾಭಾಸ್!" ಎಂದವರೇ ಅಲ್ಲಿಂದ ನಿಲ್ಲಲಿಲ್ಲ. ಹಂಚು ಸುಡುವುದು ಹೇಗೆ, ಬಣ್ಣ ಕೂಡಿಸುವುದು ಹೇಗೆ, ಆ ಅಕ್ಷರ ಬರೆದವನ ಗುರು ಯಾರು, ಆ ಗುರುವಿನ ಊರು ಯಾವುದು! ದೊಣ್ಣೆಯವನು ಮದರಸಾದ ಬಾಗಿಲಿನವರೆಗೆ ತಡೆದುಕೊಂಡ. ಮಾವನವರು, "ಕುಂದರು, ಒಳಗಿನ ಕೋಣಿಗಳ ಕಥಿ ಇನ್ನೂ ಅದ," ಎಂದು ಅವನ ತೋಳು ಹಿಡಿದರು.

"ನನಗ ಬ್ಯಾರೆ ಕೆಲಸ ಅದರಿ," ಎಂದು ಅವನು ಕೈ ಬಿಡಿಸಿಕೊಂಡು, ದೊಣ್ಣೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ಹೋದ. ಆ ಕೆಲಸ ಏನೆಂದು ನಮಗೆ ಗೊತ್ತಿತ್ತು. ಅವತ್ತು ಸಂಜೆ ಊರಿನ ಹೊಗೆ ಹೆಚ್ಚೇ ಆಯಿತು, ಕಡಿಮೆಯಾಗಲಿಲ್ಲ.

ಕೋಟೆ ಬಾಗಿಲಲ್ಲಿ ಸಿಪಾಯಿಗಳು ಇಬ್ಬರನ್ನೂ ಒಳಗೆ ಕರೆದುಕೊಂಡರು. ಒಳಹೋಗುವ ಮುಂಚೆ ಕಂಪೌಂಡರ ಸಾಹೇಬರು ತಿರುಗಿ ನಿಂತು ವಜೀರನಿಗೆ ಕೊನೆಗೆ ಏನಾಯಿತೆಂದು ಕೇಳಿದರು: "ಮಾಸ್ಟರ್‌ಸಾಬ್, ವಜೀರ್ ಕಾ ಆಖಿರ್ ಮೇ ಕ್ಯಾ ಹುವಾ?"

ಮಾವನವರು ಕೈಮುಗಿದರು. ಮುಂದೆ ದಂಪತಿಗಳು ಹೈದರಾಬಾದಿನ ಮಗನ ಮನೆಗೆ ಕ್ಷೇಮವಾಗಿ ಹೋಗಿ ಸೇರಿದರು.

ತಿರುಗಿ ಬರುವಾಗ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಮಾವನವರು ನಾಲ್ಕು ಹೆಜ್ಜೆ ಇಟ್ಟು ಹಾಗೇ ಕುಸಿದು ಕುಳಿತರು. "ನನಗ ಏಳ್ಲಕ್ಕ ಆಗಂಗಿಲ್ಲ," ಎಂದರು.

ಅತ್ತೆಯವರು ಮದುವೆಯಾಗಿ ಬಂದಂದಿನಿಂದ ಬೀದಿಯಲ್ಲಿ ಗಂಡನಿಗಿಂತ ನಾಲ್ಕು ಮಾರು ಹಿಂದೆಯೇ ನಡೆದವರು. ನನ್ನೆದುರು ಅವರ ಪಕ್ಕದಲ್ಲಿ ಕುಳಿತದ್ದೂ ಇಲ್ಲ. ಆಕೆ ಸೆರಗಿನಿಂದ ಅವರ ಮುಖ ಒರೆಸಿದರು. ಎಬ್ಬಿಸಿ ನಿಲ್ಲಿಸಿದರು. "ನಡೀರಿ. ನಾ ಇದ್ದೀನಿ," ಎಂದು ಅವರ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು, ಬೀದರಿನ ನಡುಬೀದಿಯಲ್ಲಿ ಪಕ್ಕಪಕ್ಕಕ್ಕೇ ನಡೆಸಿಕೊಂಡು ಬಂದರು. ಮನೆಯ ಹೊಸ್ತಿಲು ದಾಟುವವರೆಗೂ ಆಕೆ ಆ ಕೈ ಬಿಡಲಿಲ್ಲ.