ನಮ್ಮ ಮಾಮಾನ ಪೀನ ಮನೆ

ನಮ್ಮ ಸೋದರಮಾವನಷ್ಟು ನೇರ ಮನುಷ್ಯ ಬೈಲಹೊಂಗಲದಲ್ಲಿ ಇನ್ನೊಬ್ಬರಿರಲಿಲ್ಲ. ಅವರು ಹೇಳಿದ್ದು ಮಾತ್ರ ಒಬ್ಬರಿಗೂ ನೇರವಾಗಿ ತಿಳಿಯುತ್ತಿರಲಿಲ್ಲ! ಕಾಲೇಜಿನಲ್ಲಿ ರೇಖಾಗಣಿತ ಕಲಿಸುತ್ತಿದ್ದ ಅವರಿಗೆ ಜಗತ್ತಿನಲ್ಲಿ ಎರಡೇ ಜಾತಿ: ಪೀನವಾದದ್ದು, ಪೀನವಲ್ಲದ್ದು.

“ಮಾಮಾ, ಪೀನ ಅಂದ್ರ ಉಬ್ಬಿದ್ದಲ್ಲೇನ್ರಿ? ಸಾಲ್ಯಾಗ ಮಸೂರ ನೋಡೇನಿ.”

“ಒಳಗಿನ ಯಾವ ಎರಡು ಬಿಂದು ಹಿಡಿದ್ರೂ ನಡುವಿನ ನೆಟ್ಟನೆ ಗೆರಿ ಹೊರಗ ಹೋಗಬಾರದು. ಅದು ಪೀನ. ತಿಳೀತಿಲ್ಲೋ?”

ತಿಳಿಯಿತೆಂದು ತಲೆಯಾಡಿಸುತ್ತಿದ್ದೆ. ಬೇರೆ ದಾರಿ ಏನಿತ್ತು?

ಒಮ್ಮೆ ಅತ್ತೆ ಕುಂಬಳಕಾಯಿ ತರಲು ಕಳಿಸಿದರೆ ಮಾಮಾ ಕಲ್ಲಂಗಡಿ ಹೊತ್ತು ತಂದರು. “ಕುಂಬಳಕಾಯಿ ಮೈತುಂಬ ತಗ್ಗು. ದಾರ ಬಿಗಿದ್ರ ತಗ್ಗಿನ್ಯಾಗ ಹತ್ತಂಗಿಲ್ಲ. ಕಲ್ಲಂಗಡಿಗೆ ನೋಡು, ಎಲ್ಲಾ ಕಡೆ ಹತ್ತತೈತಿ!”

“ಹಂಗಾರ ದಾರದ ಪಲ್ಯಾನ ಮಾಡ್ಲೇನ್ರಿ?” ಎಂದಳು ಅತ್ತೆ.

ತೊಂಬತ್ತರ ದಶಕದ ಕೊನೆಗೆ, ಮನೆ ಕಟ್ಟಲು ಜಾಗ ನೋಡುವಾಗ ನನ್ನನ್ನೂ ಕರೆದೊಯ್ದರು. ಒಳ್ಳೆಯ ಜಾಗ, ಆದರೆ ಮಡಚಿದ ಮೊಣಕೈಯಂತೆ ಬಾಗಿತ್ತು.

“ಬ್ಯಾಡ. ಆ ತುದಿಗೆ ನಾ, ಈ ತುದಿಗೆ ಇಂವ ನಿಂತ್ರ, ನಡುವಿನ ಗೆರಿ ಮಂದಿ ಜಾಗಾದಾಗ ಹಾಯ್ತೈತಿ.”

ಮಾರುವವನು ಕಕ್ಕಾಬಿಕ್ಕಿಯಾದ. “ಗೆರಿ ಎಳೀರಿ ಅಂತ ಯಾರು ಹೇಳ್ಯಾರ್ರಿ ಸರ್?”

ಕಡೆಗೆ ಚೌಕಾಕಾರದ ಜಾಗವೊಂದು ಸಿಕ್ಕಿತು. ಆಮೇಲೆ ಮನೆ ಕಟ್ಟುವ ಗೌಂಡಿಯ ಸರದಿ.

“ಒಳಗೋಡಿ ಎಲ್ಲೆಲ್ಲಿ ಬರ್ತಾವ್ರಿ?”

“ಬರಂಗಿಲ್ಲ. ಇಡೀ ಮನಿ ಒಂದೇ ಖೋಲಿ.”

“ಅಡಗಿಮನಿ?”

“ಅದರಾಗ.”

“ದೇವರಮನಿ?”

“ಅದೂ ಅದರಾಗ.”

“ನಡುವ ಒಂದು ಕಂಬಾರೆ?”

“ಕಂಬ ಬಂದ್ರ ಪೀನ ಹೋತು!”

“ಛತ್ತು ನಿಮ್ಮ ಗಣಿತದ ಮ್ಯಾಲ ನಿಲ್ಲಂಗಿಲ್ರಿ ಸರ್!” ಗೌಂಡಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. “ಬಚ್ಚಲಕ್ಕರೆ ಗೋಡಿ ಬೇಕೋ ಬ್ಯಾಡೋ?”

ಮಾಮಾ ಬಹಳ ಹೊತ್ತು ಯೋಚಿಸಿ, “ಅದನ್ನ ಹಿತ್ತಲದಾಗ ಕಟ್ಟು” ಎಂದರು.

ಅಂತೂ ಮೇಲೆ ತಗಡು ಹೊದಿಸಿ ಎದ್ದು ನಿಂತದ್ದು ಮನೆಯೋ, ಗೋದಾಮೋ? ನನಗಂತೂ ತಿಳಿಯಲಿಲ್ಲ.

ಗೃಹಪ್ರವೇಶವಾಗಿ ಕೆಲವು ತಿಂಗಳ ಮೇಲೆ ನಮ್ಮೂರು ಕಿತ್ತೂರಿನಿಂದ ಅವರ ಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು “ಅತ್ತೀ!” ಎಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಊಹೂಂ.

“ಆಕಿಗೆ ಕೇಳಂಗಿಲ್ಲೋ,” ಎಂದರು ಮಾಮಾ, ಆಚೆ ಗೋಡೆಯ ಕುರ್ಚಿಯಿಂದ. “ಕಿವಿ ಕಡಿಮಿ ಆಗಕೋಂತ ಬಂದು ಈಗ ಪೂರಾ ಹೋಗೇತಿ. ಹಳೇ ಮನ್ಯಾಗ ಖೋಲಿಯಿಂದ ಖೋಲಿಗೆ ನನ್ನ ಹುಡುಕ್ಕೋಂತ ಅಡ್ಡಾಡ್ತಿದ್ಲು. ಹಿಂದ ಬಂದು ನಿಂತ್ರ ಬೆಚ್ಚಿ ಬೀಳ್ತಿದ್ಲು.”

ಅವರು ಸುಮ್ಮನೆ ಕೈ ಎತ್ತಿ ನನ್ನ ಕಡೆ ತೋರಿಸಿದರು. ಆ ಕೈ ಕಂಡದ್ದೇ ಅತ್ತೆ ತಿರುಗಿ ನೋಡಿ, “ಬಾರಪಾ! ಯಾವಾಗ ಬಂದಿ?” ಎಂದು ಮುಖವರಳಿಸಿದಳು.

ಮತ್ತೆ ರೊಟ್ಟಿ ಬಡಿಯತೊಡಗಿದಳು. ನಡುನಡುವೆ ತಲೆಯೆತ್ತಿ ಮಾಮಾನತ್ತ ನೋಡುತ್ತಿದ್ದಳು. ಅವಳು ನೋಡಿದಾಗಲೆಲ್ಲ ಅವರು ಅವಳನ್ನೇ ನೋಡುತ್ತಿದ್ದರು.