ಪೂರ್ವದ ತಂತಿ

ಎಡ, ಬಲ ಎಂಬ ಮಾತುಗಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. ಮನುಷ್ಯ ಹೊರಳಿ ನಿಂತರೆ ಎಡಕ್ಕಿದ್ದದ್ದು ಬಲಕ್ಕೆ ಬರುತ್ತದೆ. ಪೂರ್ವ ಹಾಗಲ್ಲ, ನೀವು ಮಲಗಿದರೂ ಎದ್ದರೂ ಅದು ತನ್ನ ಜಾಗದಲ್ಲೇ ಇರುತ್ತದೆ. ಮೂವತ್ತನಾಲ್ಕು ವರ್ಷ ಹೊಲಗಳನ್ನು ಅಳೆದು ಚೆಕ್ಕುಬಂದಿ ಬರೆದವನು ನಾನು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ದಾರಿ ಎಂದು ಬರೆದು ಬರೆದು ಅದು ಮೈಗೆ ಹತ್ತಿಬಿಟ್ಟಿದೆ. ಊಟಕ್ಕೆ ಕೂತಾಗ ಕೂಡ "ಉಪ್ಪು ಸ್ವಲ್ಪ ಪೂರ್ವಕ್ಕೆ ಬಡಿಸು" ಎನ್ನುತ್ತೇನೆ. ನನ್ನ ಹೆಂಡತಿ ಗಿರಿಜಾ ಸುಮ್ಮನೆ ಬಡಿಸುತ್ತಾಳೆ. ಬೀಗರ ಮನೆಯಲ್ಲಿ ಮಾತ್ರ ಹಾಗೆ ಕೇಳಬೇಡಿ ಎಂದು ಒಂದು ಸಲ ಕೈಮುಗಿದಿದ್ದಳು. ನಿವೃತ್ತನಾಗಿ ಆರು ವರ್ಷವಾದರೂ ನವಲಗುಂದದಲ್ಲಿ ಜನ ನನ್ನನ್ನು ಮೋಜಣಿ ಸಾಹೇಬರೆಂದೇ ಕರೆಯುತ್ತಾರೆ. ಬದುವಿನ ಜಗಳ ಬಂದರೆ ನನ್ನ ಮಾತು ಕೇಳಿ ಮನೆಗೆ ಹೋಗುತ್ತಾರೆ. ಇದನ್ನೆಲ್ಲ ಹೇಳುತ್ತಿರುವುದು ಜಂಬಕ್ಕಲ್ಲ. ಜಂಬ ಇತ್ತು, ಈಗಿಲ್ಲ. ಅದು ಹೇಗೆ ಹೋಯಿತೆಂಬುದನ್ನು ನೋಡಿದ್ದು ನೋಡಿದಂತೆ ಬರೆಯುತ್ತೇನೆ.

ನಮ್ಮ ಮಾವನವರು ಕುಂದಗೋಳದಲ್ಲಿ ಬಳಸುತ್ತಿದ್ದ ಹಳೆಯ ಫಿಯಾಟ್ ಕಾರು ಈಗ ನಮ್ಮ ಶೆಡ್ಡಿನಲ್ಲಿದೆ. ಐವತ್ತು ದಾಟಿದ ಗಾಡಿ. ಅದರ ಗೇರು ನೆಲದಲ್ಲಿಲ್ಲ, ಸ್ಟೀರಿಂಗಿನ ದಂಡಕ್ಕೆ ಅಂಟಿಕೊಂಡಿದೆ. ತಿರುವಿನ ದೀಪದ ಲಿವರು, ದೊಡ್ಡ ದೀಪದ ಲಿವರು, ಹಾರ್ನಿನ ಬಳೆ ಎಲ್ಲವೂ ಆ ಒಂದೇ ದಂಡದ ಸುತ್ತ ಅವಿಭಕ್ತ ಕುಟುಂಬದ ಹಾಗೆ ವಾಸವಾಗಿವೆ. ಹೋದ ವರ್ಷ ಆ ಕುಟುಂಬ ಕೆಟ್ಟಿತು. ತಿರುವಿನ ಲಿವರು ಮೇಲೆತ್ತಿದರೆ ನಿಲ್ಲದೆ ಜೋತು ಬೀಳುತ್ತಿತ್ತು. ಹಾರ್ನು ತನಗೆ ಮನಸ್ಸು ಬಂದಾಗ ಕೂಗುತ್ತಿತ್ತು. ಊರಿನ ಮಿಸ್ತ್ರಿ ಬಂದು ನೋಡಿ, "ಗಾಡಿ ಬಿಟ್ಟ ಹೋಗ್ರಿ ಸಾಹೇಬ್ರ, ನಾ ಮಾಡತೇನಿ" ಎಂದ. ಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಹನ್ನೆರಡು ತಿರುಪು ಬಿಚ್ಚುವುದಕ್ಕೆ ಮಿಸ್ತ್ರಿ ಯಾಕೆ ಎಂದು ನಾನೇ ಕೂತೆ.

ಕೆಲಸ ಅಚ್ಚುಕಟ್ಟಾಗಿಯೇ ಶುರುವಾಯಿತು. ಮೊದಲು ಬ್ಯಾಟರಿಯ ತಂತಿ ಬಿಡಿಸಿದೆ. ಹಾರ್ನಿನ ಬಳೆ ಕಿತ್ತೆ, ಅದರ ಕೆಳಗಿನ ದೊಡ್ಡ ನಟ್ಟು ಬಿಚ್ಚಿದೆ, ಸ್ಟೀರಿಂಗಿನ ಚಕ್ರಕ್ಕೂ ದಂಡಕ್ಕೂ ಸುಣ್ಣದ ಗುರುತು ಹಾಕಿ ಚಕ್ರ ಎಳೆದು ತೆಗೆದೆ. ಒಳಗೆ ಗ್ರೀಸು ಅಂಟಿನುಂಡೆಯಂತೆ ಗಟ್ಟಿಯಾಗಿತ್ತು. ಹಿತ್ತಾಳೆಯ ಚೂರುಗಳು ಹಸಿರುಗಟ್ಟಿದ್ದವು. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಹಳೆಯ ಜಮಖಾನದ ಮೇಲೆ ಚೌಕಕ್ಕೊಂದರಂತೆ ಇಟ್ಟೆ. ತೊಡಕು ಬಂದದ್ದು ತಂತಿಗಳಲ್ಲಿ. ಬಟ್ಟೆ ಸುತ್ತಿದ ಹಳೆಯ ತಂತಿಗಳು, ಬಣ್ಣವೆಲ್ಲ ಹೋಗಿ ಎರೆಮಣ್ಣಿನ ಬಣ್ಣಕ್ಕೆ ಬಂದಿದ್ದವು. ಯಾವುದು ಯಾವುದೆಂದು ಗುರುತಿಸುವುದು ಹೇಗೆ? ನನಗೆ ಒಂದೇ ದಾರಿ ಗೊತ್ತಿತ್ತು. ಹಾಳೆ ತೆಗೆದುಕೊಂಡು, ತಲೆಯಲ್ಲಿ ಉತ್ತರದ ಬಾಣ ಬರೆದು, ಒಂದೊಂದು ತಂತಿಗೂ ಸಂಖ್ಯೆ ಕೊಟ್ಟು ಚೆಕ್ಕುಬಂದಿ ಬರೆದೆ. ಬಲಗಡೆಯ ದೀಪದ ತಂತಿ ಪೂರ್ವಕ್ಕೆ, ಎಡಗಡೆಯದು ಪಶ್ಚಿಮಕ್ಕೆ, ಹಾರ್ನಿನದು ನಡುವೆ. ಕಾರು ಉತ್ತರಕ್ಕೆ ಮುಖಮಾಡಿ ನಿಂತಿತ್ತು. ನಕಾಶೆ ಎಷ್ಟು ಚೆನ್ನಾಗಿ ಬಂತೆಂದರೆ ಕೆಳಗೆ ಸಹಿ ಹಾಕಿದೆ.

ಆ ವಾರವೇ ಬಾಜು ಮನೆಯ ಹಸೀನಾಬಿ ಬಂದರು. ಜಮಖಾನ ನೇಯುವ ಕೈ ಅವರದು, ನಮ್ಮ ಶೆಡ್ಡಿನಲ್ಲಿದ್ದದ್ದೂ ಅವರು ನೇಯ್ದದ್ದೇ. "ಅಣ್ಣಾರ, ಮಗಳ ನಿಶ್ಚಯ ಐತ್ರಿ. ಅಡಿಗಿ ಮಾಡಾಕ ನಿಮ್ಮ ಶೆಡ್ಡ ಒಂದಿನಾ ಬೇಕಾಗಿತ್ತ್ರಿ" ಎಂದರು. ನಾನು ಚಕ್ರವನ್ನು ದಂಡದ ಮೇಲೆ ಸುಮ್ಮನೆ ಕೂರಿಸಿ ಕಾರಿನೊಳಗೆ ಕೂತೆ. ಅವರ ಮನೆಯವರು ಕಾರನ್ನು ಬಯಲಿಗೆ ತಳ್ಳಿದರು. ಮರುದಿನ ಮತ್ತೆ ತಳ್ಳಿ ತಂದರು, ಈ ಸಲ ಶೆಡ್ಡಿನ ಇನ್ನೊಂದು ಬಾಗಿಲಿನಿಂದ. ಅಂದರೆ ಕಾರು ದಕ್ಷಿಣಕ್ಕೆ ಮುಖಮಾಡಿತು. ಅದು ನನಗೆ ಗೊತ್ತಿಲ್ಲದೆ ನಡೆದದ್ದಲ್ಲ. ಚಕ್ರ ತಿರುಗಿಸಿದವನು ನಾನೇ.

ಜೋಡಿಸುವಾಗ ಲಿವರುಗಳು ಕಷ್ಟ ಕೊಡಲಿಲ್ಲ, ತಮ್ಮ ಜಾಗದ ಹೊರತು ಎಲ್ಲೂ ಕೂರುವುದಿಲ್ಲ. ತಂತಿಗಳು ಪಾಪ, ಎಲ್ಲಿ ಕೂರಿಸಿದರೂ ಕೂರುತ್ತವೆ. ನಾನು ನಕಾಶೆ ಬಿಚ್ಚಿ, ಪೂರ್ವ ಯಾವುದೆಂದು ಸರಿಯಾಗಿ ನೋಡಿ, ಪೂರ್ವದ ತಂತಿಯನ್ನು ಪೂರ್ವಕ್ಕೇ ಬಿಗಿದೆ. ಇಷ್ಟು ವರ್ಷಗಳಲ್ಲಿ ನಾನು ಅಳೆದ ಹೊಲಗಳಲ್ಲಿ ಒಂದೂ ಹೊರಳಿ ಕೂತದ್ದಿಲ್ಲ. ಕಾರು ಕೂರುತ್ತದೆಂಬುದು ಹೊಳೆಯಲೇ ಇಲ್ಲ. ಪರೀಕ್ಷೆಯನ್ನೂ ಮಾಡಿದೆ. ಗಿರಿಜಾಳನ್ನು ಹಿಂದೆ ನಿಲ್ಲಿಸಿ, ಲಿವರನ್ನು ಬಲಕ್ಕೆ ಹಾಕಿ, ನಕಾಶೆ ನೋಡಿಕೊಂಡು ಕೇಳಿದೆ: "ಪೂರ್ವದ ದೀಪ ಹತ್ತಿತೇನು?"

"ಹತ್ತೇತ್ರಿ, ಮೂಡಲದ್ದ ಹತ್ತೇತಿ" ಎಂದಳು.

ಅವಳು ಹೇಳಿದ್ದು ನಿಜ. ನಾನು ಕೇಳಿದ್ದು ತಪ್ಪು, ಪೂರ್ವಕ್ಕೆ ಈಗ ಎಡಗಡೆಯ ದೀಪವಿತ್ತು. ಚಾಲಕನ ಮುಂದೆ ಕಾಣುವ ಹಸಿರು ದೀಪ ಒಂದೇ ಒಂದು, ಎಡಕ್ಕೂ ಅದೇ, ಬಲಕ್ಕೂ ಅದೇ. ಅದೂ ಮಿನುಗಿ ನನಗೆ ಶಹಬ್ಬಾಸ್ ಎಂದಿತು.

ಮರುದಿನ ಬೆಳಿಗ್ಗೆ ಮೊರಬದ ರಸ್ತೆಗೆ ಹೊರಟೆ. ಲಿವರು ಬೆಣ್ಣೆಯಂತೆ ಆಡುತ್ತಿತ್ತು. ಒಂದು ಹೊಲದ ದಾರಿಯ ಹತ್ತಿರ ವೇಗ ಇಳಿಸಿ, ಬಲಕ್ಕೆ ದೀಪ ಹಾಕಿ, ಬಲಕ್ಕೆ ಹೊರಳಿದೆ. ಕಿಟಕಿಯಲ್ಲಿ, ಹಿಂದಿನಿಂದ ಬಂದ ಟ್ರ್ಯಾಕ್ಟರಿನ ದೊಡ್ಡ ಗಾಲಿ ಕಂಡಿತು. ಅದು ನನ್ನ ಮೈಮೇಲೆ ಬರಲಿಲ್ಲ. ರಸ್ತೆ ಬಿಟ್ಟು ಹೊಲಕ್ಕೆ ಇಳಿಯಿತು. ಹಿಂದಿನ ಟ್ರೇಲರು ನಿಧಾನವಾಗಿ ವಾಲಿ ಮಗ್ಗುಲಾಯಿತು. ಉಳ್ಳಾಗಡ್ಡಿಯ ಚೀಲಗಳು ಹರಿದು, ಕರಿ ಮಣ್ಣಿನ ತುಂಬ ಕೆಂಪು ಗಡ್ಡೆಗಳು ಉರುಳಿದವು. ಚಾಲಕ ಯಲ್ಲಪ್ಪ ಇಳಿದು ಬಂದ. ಅವನಿಗೆ ಗಾಯವಾಗಿರಲಿಲ್ಲ, ಆದರೆ ತುಟಿ ಬಿಳಚಿತ್ತು. ನಾನೂ ಕಾರಿನಿಂದ ಇಳಿದೆ.

ಟ್ರ್ಯಾಕ್ಟರಿನ ಒಡೆಯ, ಮೊರಬದ ಬಸನಗೌಡರು ಮೋಟರ್‌ಸೈಕಲ್ ಮೇಲೆ ಬಂದರು. ಅಷ್ಟರಲ್ಲಿ ಹತ್ತು ಜನ ಕೂಡಿದ್ದರು, ಅವರಲ್ಲಿ ನಾಲ್ವರು ಉಳ್ಳಾಗಡ್ಡಿ ಆರಿಸುತ್ತಿದ್ದರು, ಉಳಿದವರು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರು.

"ಸಾಹೇಬ್ರು ಎಡಕ್ಕ ಲೈಟ್ ಹಾಕಿದ್ರರಿ ಗೌಡ್ರ. ಅದಕ್ಕ ನಾ ಬಲಕ್ಕ ಮುಂದ ಹೊಂಟೆರಿ" ಎಂದ ಯಲ್ಲಪ್ಪ.

"ಬಲಕ್ಕೆ ಹಾಕಿದ್ದೆ" ಎಂದೆ ನಾನು, ನಿಧಾನವಾಗಿ, ಬದುವಿನ ಪಂಚಾಯಿತಿಯಲ್ಲಿ ಹೇಳುವ ಹಾಗೆ.

"ಲೇ ಯಲ್ಲ್ಯಾ, ಇವರ ಮಾತಿನ ಮ್ಯಾಲೆ ನಮ್ಮ ಹೊಲದ ಬದು ನಿಂತೇತಿ. ಇವರು ಸುಳ್ಳ ಹೇಳತಾರೇನಲೇ? ಕಣ್ಣ ಕಾಣದವನ ಕೈಯಾಗ ಗಾಡಿ ಕೊಟ್ಟೇನಿ ನಾನು. ತಾ ಕೀಲಿ."

ಯಲ್ಲಪ್ಪ ಕೀಲಿ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಕಣ್ಣ ತಪ್ಪಿರಬೇಕ್ರಿ ಸಾಹೇಬ್ರ" ಎಂದ.

ಸಂಜೆ ಮನೆ ಮುಟ್ಟಿ, ಹಸೀನಾಬಿಯವರ ಸುಣ್ಣದ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ, ಯಾಕೋ ಲಿವರನ್ನು ಬಲಕ್ಕೆ ಹಾಕಿದೆ. ಗೋಡೆಯ ಎಡ ಮಗ್ಗುಲು ಹಳದಿಯಾಗಿ ಆರಿತು, ಹಳದಿಯಾಗಿ ಆರಿತು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಆಗ ನಾನು ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಮೊರಬಕ್ಕೆ ಫೋನು ಮಾಡಲಿಲ್ಲ. ಒಳಗಿನಿಂದ ಸ್ಕ್ರೂಡ್ರೈವರ್ ತಂದೆ. ದಂಡದ ಕೆಳಗಿನ ಮುಚ್ಚಳ ಬಿಚ್ಚಿ ಎರಡೂ ತಂತಿಗಳನ್ನು ಅದಲು ಬದಲು ಮಾಡಿದೆ. ಹತ್ತು ನಿಮಿಷದ ಕೆಲಸ. ನಾಳೆ ಹೇಳಿದರಾಯಿತು ಎಂದುಕೊಂಡೆ. ಎರಡು ನಾಳೆಗಳು ಹೋದವು.

ಮೂರನೆಯ ದಿನ ಯಲ್ಲಪ್ಪನೇ ಬಂದ, ಮೂಗಿನ ಮೇಲೆ ಹೊಸ ಚಶ್ಮಾ. "ಸ್ವಲ್ಪ ನಂಬರ ಐತಿ ಅಂದ್ರರಿ ಅಂಗಡಿಯಾಗ. ನೀವು ಲೈಟ್ ಹಾಕ್ರಿ, ನಾ ಹಿಂದ ನಿಂತ ಹೇಳತೇನಿ. ಬರೋಬ್ಬರಿ ಹೇಳಿದ್ರ ಗೌಡ್ರಿಗೊಂದ ಮಾತ ಹೇಳ್ರಿ" ಎಂದ. ಇಲ್ಲ ಎನ್ನಲು ಕಾರಣ ಸಿಗಲಿಲ್ಲ. ಬಲಕ್ಕೆ ಹಾಕಿದೆ. "ಬಲಕ್ರಿ." ಎಡಕ್ಕೆ ಹಾಕಿದೆ. "ಎಡಕ್ರಿ." ಮುಖ ಅರಳಿಸಿಕೊಂಡು ಕಿಟಕಿಗೆ ಬಂದ. "ನೋಡ್ರಿ, ಚಶ್ಮಾ ಇಲ್ಲದ ಅವತ್ತ ಉಲ್ಟಾ ಕಂಡಿತ್ತ್ರಿ."

ಬಾಗಿಲಲ್ಲಿ ನಿಂತಿದ್ದ ಗಿರಿಜಾ ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಚಾ ಇಡತೇನಿ" ಎಂದು ಒಳಗೆ ಹೋದಳು.

ನಾನು ಕಾರಿನಿಂದಿಳಿದು ಮತ್ತೆ ಸ್ಕ್ರೂಡ್ರೈವರ್ ತಂದೆ. ಯಲ್ಲಪ್ಪನ ಕಣ್ಣೆದುರೇ ಮುಚ್ಚಳ ಬಿಚ್ಚಿ, ಸರಿಯಾಗಿದ್ದ ತಂತಿಗಳನ್ನು ಮತ್ತೆ ತಪ್ಪಾಗಿ ಜೋಡಿಸಿದೆ. ಹಾಗೇ ಅವನನ್ನು ಕೂರಿಸಿಕೊಂಡು ಮೊರಬಕ್ಕೆ ಹೋದೆ, ತಿರುವು ಬಂದಲ್ಲೆಲ್ಲ ಕಿಟಕಿಯಿಂದ ಕೈ ಹೊರಗೆ ಚಾಚುತ್ತ. ಗೌಡರ ಅಂಗಳದಲ್ಲಿ ಅವರನ್ನು ಕಾರಿನ ಹಿಂದೆ ನಿಲ್ಲಿಸಿ, ಬಲಕ್ಕೆ ಹಾಕುತ್ತಿದ್ದೇನೆ ಎಂದು ಹೇಳಿ ಬಲಕ್ಕೆ ಹಾಕಿದೆ. ನಕಾಶೆಯನ್ನೂ ತೋರಿಸಿ ಎಲ್ಲ ಹೇಳಿದೆ, ಆ ಎರಡು ದಿನದ್ದೂ ಸೇರಿಸಿ.

ಗೌಡರು ಒಳಗೆ ಹೋಗಿ ಕೀಲಿ ತಂದು ಯಲ್ಲಪ್ಪನ ಕೈಗಿಟ್ಟರು. ಅವನು ಚಶ್ಮಾ ತೆಗೆದು ಜೇಬಿಗೆ ಹಾಕಿಕೊಂಡ. "ಇರಲಿ ಬಿಡ್ರಿ. ಸಾಹೇಬ್ರ ಗಾಡಿ ಹಿಂದ ಬರುವಾಗ ಚಶ್ಮಾ ಬೇಕಾಕ್ಕೇತಿ" ಎಂದ. ಗೌಡರು ಮಾತ್ರ ನಗಲಿಲ್ಲ. ನಕಾಶೆಯನ್ನೇ ನೋಡುತ್ತಿದ್ದರು, ಅದರ ಕೆಳಗಿದ್ದ ನನ್ನ ಸಹಿಯನ್ನು.

"ಹಂಗಾದ್ರ ಸಾಹೇಬ್ರ," ಎಂದರು ಕೊನೆಗೆ, "ನೀವು ಅಳದ ಕೊಟ್ಟ ನಮ್ಮ ಬದು?"

ಹೊಲ ಹೊರಳುವುದಿಲ್ಲ ಗೌಡರೇ ಎನ್ನಲು ಬಾಯಿ ತೆರೆದೆ. ನನಗೇ ಆ ಧ್ವನಿಯ ಮೇಲೆ ನಂಬಿಕೆ ಬರಲಿಲ್ಲ, ಮುಚ್ಚಿಕೊಂಡೆ. ಬರುವ ಸೋಮವಾರ ಆ ಹೊಲವನ್ನು ಮತ್ತೆ ಅಳೆಯುವುದೆಂದು ನಿಶ್ಚಯವಾಗಿದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಲ್ಲಪ್ಪ ಬರುತ್ತಾನಂತೆ, ಚಶ್ಮಾ ಹಾಕಿಕೊಂಡು.